ಬಿಸಿಯೂಟದ ಡಬರಿಗೆ ಬಿದ್ದ ಚೀಟಿಗಳು

ಆಗ ಅಜ್ಜಂಪುರ ಇನ್ನೂ ತಾಲ್ಲೂಕಾಗಿರಲಿಲ್ಲ. ಏನೇ ಕೆಲಸವಿದ್ದರೂ ತರೀಕೆರೆ ಬಸ್ಸೇ ಹತ್ತಬೇಕು; ಬಿಇಓ ಆಫೀಸೂ ಅಲ್ಲೇ. ನಮ್ಮದು ಶಿವನಿ ಕಡೆಯ ಹಳ್ಳಿ. ಎರೆ ಹೊಲ, ಈರುಳ್ಳಿ ಬೆಳೆ. ಶಾಲೆಗೆ ಬಿಸಿಯೂಟ ಬಂದು ವರ್ಷ ಕಳೆದಿತ್ತು, ಅಂದರೆ 2004 ಇರಬೇಕು. ಆ ವರ್ಷ ನಮ್ಮ ಅತ್ತಿಗೆ ಎಸ್‌ಡಿಎಂಸಿಗೆ ನಿಂತರು.

ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ಅವರ ಕಾರ್ಯಪಡೆ ಹೇಳಿದ ಮೇಲೆ, 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ ಇದನ್ನು ತಂದಿತು. ಶಾಲೆಯಲ್ಲಿ ಮಕ್ಕಳು ಓದುತ್ತಿರುವ ಅಪ್ಪ-ಅಮ್ಮಂದಿರೇ ತಮ್ಮಲ್ಲಿ ಒಂಬತ್ತು ಜನರನ್ನು ಆರಿಸಬೇಕು. ಅವರಲ್ಲೊಬ್ಬರು ಅಧ್ಯಕ್ಷರು, ಹೆಡ್‌ಮಾಸ್ಟರು ಕಾರ್ಯದರ್ಶಿ, ಬ್ಯಾಂಕ್ ಖಾತೆಗೆ ಇಬ್ಬರದೂ ಸಹಿ. ಮೊದಲ ಸಲ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಸರ್ವ ಶಿಕ್ಷಣ ಅಭಿಯಾನದಲ್ಲಿ ಕೊಠಡಿ ಕಟ್ಟುವ ದುಡ್ಡು ಇದೇ ಖಾತೆಗೆ ಬರುತ್ತದೆ ಅಂತ ಗೊತ್ತಾಯಿತು ನೋಡಿ, ಶಾಲೆಯ ಕಡೆ ತಲೆ ಹಾಕಿ ಮಲಗದವರಿಗೂ ವಿದ್ಯೆಯ ಮೇಲೆ ಮಮತೆ ಉಕ್ಕಿತು.

ಸಭೆಯ ಹಿಂದಿನ ರಾತ್ರಿಯೇ ಅರಳಿಕಟ್ಟೆ ಮೇಲೆ ಒಂಬತ್ತು ಹೆಸರು ತೀರ್ಮಾನವಾಗಿತ್ತು. ಹೆಂಗಸರ ಹೆಸರೂ ಇದ್ದವು, ಗಂಡಂದಿರನ್ನು ಕೇಳಿ ಬರೆದದ್ದು. ನಮ್ಮಣ್ಣನೂ ಅಲ್ಲಿ ಕೂತು ತಲೆಯಾಡಿಸಿ ಬಂದಿದ್ದ. ಆದರೆ ಅತ್ತಿಗೆ ಕಡೂರು ತಾಲ್ಲೂಕಿನವರು, ಯಗಟಿ ಕಡೆಯವರು. ತೆಂಗು ಒಣಗಿದರೂ ಮಾತು ಒಣಗದ ಸೀಮೆ ಅದು.

ಈರುಳ್ಳಿ ಕೀಳುವ ಕಾಲ. ಹೆಂಗಸರು ಹೊಲದಿಂದ ನೇರ ಬಂದು ಜಗಲಿಯಲ್ಲಿ ಕೂತಿದ್ದರು, ಉಗುರ ಸಂದಿಯ ಕರಿಮಣ್ಣು ಹಾಗೇ ಇತ್ತು. ಮೇಷ್ಟ್ರು ಪಟ್ಟಿ ಓದಿ, “ಎಲ್ಲರಿಗೂ ಒಪ್ಪಿಗೆ ತಾನೇ?” ಅಂದರು.

“ನಂದೂ ಒಂದು ಹೆಸರು ಬರ್ಕೊಳ್ಳಿ ಮೇಷ್ಟ್ರೇ,” ಅಂತ ಅತ್ತಿಗೆ ಎದ್ದು ನಿಂತರು.

ಕಟ್ಟೆಯ ಹಿರಿಯರೊಬ್ಬರು, “ಎಲ್ಲಾ ಆಗಿದೆಯಲ್ಲವ್ವಾ, ಸುಮ್ನೆ ಜಗಳ ಯಾಕೆ?” ಅಂದರು.

“ಜಗಳ ಎಲ್ಲಿ ಬಂತು ಮಾವ? ನನ್ನ ಮಕ್ಳಿಬ್ರೂ ಇಲ್ಲೇ ಓದ್ತಾವೆ. ನಿಮ್ಮ ಮೊಮ್ಮಗ ಅಜ್ಜಂಪುರದ ಕಾನ್ವೆಂಟಿಗೆ ಹೋಗ್ತಾನಲ್ಲ?”

ಮೇಷ್ಟ್ರು ಹಾಜರಿ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು.

ಒಂಬತ್ತು ಜಾಗಕ್ಕೆ ಹತ್ತು ಹೆಸರು. ಹಿಂದೆ ಸರಿಯಿರಿ ಅಂದರೆ ಯಾರೂ ಸರಿಯಲಿಲ್ಲ. ಕೊನೆಗೆ ಮೇಷ್ಟ್ರು ಒಂದು ಉಪಾಯ ಹೂಡಿದರು: ಹತ್ತರಲ್ಲಿ ಯಾರು ಬೇಡವೋ ಅವರೊಬ್ಬರ ಹೆಸರು ಬರೆದು ಚೀಟಿ ಹಾಕಿ, ಹೆಚ್ಚು ಚೀಟಿ ಬಿದ್ದವರು ಹೊರಗೆ. ಯಾವ ಆದೇಶದಲ್ಲೂ ಇರದ ಪದ್ಧತಿ ಇದು. ಕಟ್ಟೆಯವರಿಗೆ ಮಾತ್ರ ಬಲು ಹಿಡಿಸಿತು. ಎಲ್ಲರೂ ಅತ್ತಿಗೆ ಹೆಸರನ್ನೇ ಬರೆಯುತ್ತಾರೆ ಅನ್ನುವುದು ಅವರ ಲೆಕ್ಕ.

ಪೆಟ್ಟಿಗೆ ಎಲ್ಲಿಂದ ತರುವುದು? ಅಡುಗೆಯವರು ಸಾರಿನ ಡಬರಿ ತೊಳೆದು ತಂದಿಟ್ಟರು. ನೋಟ್‌ಬುಕ್ ಹಾಳೆ ಹರಿದು ಚೀಟಿ ಮಾಡಿದ್ದಾಯಿತು. ಬರೆಯಲು ಬಾರದವರು ಒಬ್ಬೊಬ್ಬರಾಗಿ ಮೂಲೆಗೆ ಹೋಗಿ ಅಂಗನವಾಡಿ ಟೀಚರ ಕಿವಿಯಲ್ಲಿ ಹೆಸರು ಉಸುರಿದರು, ಅವರು ಬರೆದುಕೊಟ್ಟರು. ಡಬರಿಯ ಅಡಿಯ ಪಸೆ ಇನ್ನೂ ಆರಿರಲಿಲ್ಲವಾಗಿ ಮೊದಲು ಬಿದ್ದ ಚೀಟಿಗಳು ಹಳದಿ ತಿರುಗಿ ಅಂಟಿಕೊಂಡವು. ಮೇಷ್ಟ್ರು ಅವನ್ನು ಸೌಟಿನ ಹಿಡಿಯಿಂದ ಎಬ್ಬಿಸಿ, ಬಿಡಿಸಿ, ಗಟ್ಟಿಯಾಗಿ ಓದಿದರು. ಅತ್ತಿಗೆಗೆ ಬಿದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚು ಬಿದ್ದದ್ದು ಕೊಠಡಿ ಗುತ್ತಿಗೆಯ ಮೇಲೆ ಕಣ್ಣಿಟ್ಟು ಅಧ್ಯಕ್ಷಗಿರಿಗೆ ಸಜ್ಜಾಗಿ ಕೂತಿದ್ದವರಿಗೆ. ಹೆಂಗಸರು ಮೊದಲೇ ಮಾತಾಡಿಕೊಂಡಿದ್ದರೋ, ಒಬ್ಬೊಬ್ಬರಿಗೂ ತಾನಾಗಿ ಹೊಳೆಯಿತೋ, ಮಾತಾಡಿಕೊಂಡಿದ್ದರು ಅಂತಲೇ ನನ್ನ ಗುಮಾನಿ.

ರಾತ್ರಿ ಒಲೆ ಮುಂದೆ ಅತ್ತಿಗೆ, “ಏನ್ರೀ, ನೀವು ಯಾರ ಹೆಸರು ಬರೆದ್ರಿ?” ಅಂದರು. ಅಣ್ಣ ಇನ್ನೊಂದು ಲೋಟ ಮಜ್ಜಿಗೆ ಕೇಳಿದ. ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಅಧ್ಯಕ್ಷತೆ ಅತ್ತಿಗೆಗೆ ಸಿಗಲಿಲ್ಲ, ಅವರು ಕೇಳಲೂ ಇಲ್ಲ. ಮೊದಲ ಸಭೆಯಲ್ಲಿ ಪಾಸ್‌ಬುಕ್ ಓದಿಸಿದರು, ಅಷ್ಟೇ. ಕೊಠಡಿ ಕೆಲಸ ಶುರುವಾದ ಮೇಲೆ ಖಾಲಿ ಸಿಮೆಂಟ್ ಚೀಲ ಒಂದನ್ನೂ ಹೊರಗೆ ಬಿಡದೆ, ಹತ್ತು ಹತ್ತರ ಕಟ್ಟು ಕಟ್ಟಿ ಶಾಲೆಯ ಅಟ್ಟಕ್ಕೆ ಹಾಕಿಸಿದರು. ಬಿಲ್ಲಿನಲ್ಲಿ ಬರೆದಷ್ಟು ಚೀಲ ಅಟ್ಟದಲ್ಲಿರಬೇಕು. ತರೀಕೆರೆಗೆ ಲೆಕ್ಕ ಒಯ್ಯುವ ಮುನ್ನ ಮೇಷ್ಟ್ರೇ ಅಟ್ಟ ಹತ್ತಿ ಎಣಿಸಿ ಇಳಿದರು.

ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಅಂತಾಯಿತು. ಈ ಸಲ ಕಟ್ಟೆಯವರೇ ಅತ್ತಿಗೆಯನ್ನು ಹುಡುಕಿಕೊಂಡು ಮನೆಗೆ ಬಂದರು. ಮಕ್ಕಳಿಬ್ಬರೂ ಊರ ಶಾಲೆ ದಾಟಿದ್ದರಿಂದ ಅತ್ತಿಗೆ ನಿಲ್ಲುವಂತಿರಲಿಲ್ಲ.

“ಮೂಲೆಮನೆ ಸೊಸೆ ಹೆಸರು ಬರ್ಕೊಳ್ಳಿ, ಲೆಕ್ಕ ಚೆನ್ನಾಗಿ ಬರುತ್ತೆ,” ಅಂದರು.

“ಅವಳ ಗಂಡನ್ನ ಒಂದು ಮಾತು ಕೇಳ್ಬೇಕಲ್ಲ?”

“ಅವಳೇ ಒಳಗಿದ್ದಾಳೆ, ಅವಳನ್ನೇ ಕೇಳಿ,” ಅಂತ ಅತ್ತಿಗೆ ಅಡುಗೆಮನೆ ಕಡೆ ಕೈ ತೋರಿಸಿದರು.