ಅಲಗು ಹಾಕುವ ಮುನ್ನ

ಭಾದ್ರಪದದ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿದ್ದ ದಿನಗಳು. ಅರಕಲಗೂಡು ತಾಲ್ಲೂಕಿನ ಆ ಹಳ್ಳಿಯಲ್ಲಿ ಮುಸುಕಿನ ಜೋಳ ತೆನೆ ಕಟ್ಟಿ ಕಾಳಿಗೆ ಹಾಲು ತುಂಬಿಕೊಂಡಿತ್ತು. ಒಂದು ಬೆಳಿಗ್ಗೆ ಹೊಲದ ಕಡೆ ಹೋಗಿ ಬಂದ ತಾತ ಜಗಲಿಯ ಮೇಲೆ ಕುಸಿದಂತೆ ಕೂತರು. "ರಾತ್ರಿ ಹಂದಿ ನುಗ್ಗಿದ್ವು. ಕೆಳಗಿನ ತಾಕು ಪೂರ್ತಿ ಮಲಗ್ಸಿವೆ" ಎಂದರು. ಅಷ್ಟೇ. ಆಮೇಲೆ ಕಾಫಿ ಲೋಟವನ್ನೂ ಮುಟ್ಟಲಿಲ್ಲ.

ಹೊಳೆನರಸೀಪುರದ ಕಾಲೇಜಿಗೆ ಹೊರಟು ನಿಂತಿದ್ದ ಮೊಮ್ಮಗ ಬ್ಯಾಗು ಕೆಳಗಿಟ್ಟ. ದ್ವಿತೀಯ ಪಿಯುಸಿ ಓದುವ ಹುಡುಗ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ ಬಿಲ್ವಿದ್ಯೆಯ ಹುಚ್ಚು ಹಿಡಿದಿತ್ತು. ಹಾಸನದಲ್ಲಿ ಕೆಲಸ ಮಾಡುವ ಅಪ್ಪ, ಅಮ್ಮನ ವಿರೋಧದ ನಡುವೆಯೂ ಬಿದಿರಿನ ಬಿಲ್ಲೊಂದನ್ನೂ ಆರು ಅಂಬುಗಳನ್ನೂ ತರಿಸಿಕೊಟ್ಟಿದ್ದರು. ಬಿದಿರಿನ ಬಿಲ್ಲಿನವರಿಗೆಂದೇ ನಮ್ಮ ದೇಶದಲ್ಲಿ 'ಇಂಡಿಯನ್ ರೌಂಡ್' ಎಂಬ ಸ್ಪರ್ಧೆ ಇದೆ. 50 ಮೀಟರು, 30 ಮೀಟರು ದೂರದಿಂದ ಹೊಡೆಯಬೇಕು. ಹುಡುಗನಿಗೆ ಅದರಲ್ಲಿ ಆಡುವ ಆಸೆ.

"ತಾತ, ನಾನ್ ಹೊಡೀತೀನಿ ಬಿಡು ಆ ಹಂದೀನ" ಎಂದ.

ತಾತ ಬೈಯುತ್ತಾರೆಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾಯಿ ಕಾದಳು. ಅವರು ಬೈಯಲಿಲ್ಲ. ಏಣಿ ತರಿಸಿ ಅಟ್ಟದ ಮೇಲೆ ಹುಡುಕಾಡಿ, ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಗಂಟೊಂದನ್ನು ಇಳಿಸಿದರು. ಬಿಚ್ಚಿದರೆ ಎರಡು ಕಬ್ಬಿಣದ ಅಲಗುಗಳು. ವೀಳ್ಯದೆಲೆಯ ಆಕಾರ, ಎರಡು ಬೆರಳಗಲ, ಮೇಲೆಲ್ಲ ತುಕ್ಕು. ಕೋಲು ಎಂದೋ ಹುಳು ತಿಂದು ಪುಡಿಯಾಗಿತ್ತು.

"ಇದನ್ನ ಹಾಕ್ಕೊಂಡು ಮೊದ್ಲು ಹುಲ್ಲಿಗೆ ಹೊಡಿ. ಆಮೇಲೆ ಹಂದಿ ಮಾತು" ಎಂದರು.

ಅಂದು ಸಂಜೆ ತಾತ ಸಾಣೆಕಲ್ಲಿನ ಮುಂದೆ ಕೂತು ಅಲಗು ಮಸೆದರು. ಹೊಸ ಬಿದಿರುಕಡ್ಡಿ ಸೀಳಿ, ಬೆಂಕಿಗೆ ಹಿಡಿದು ನೇರ ಮಾಡಿ, ಅಲಗು ಕೂರಿಸಿ ನೂಲು ಬಿಗಿದರು. ಹಿತ್ತಿಲಲ್ಲಿ ರಾಗಿ ಹುಲ್ಲು ತುರುಕಿದ ಗೋಣಿಚೀಲವೇ ಹುಡುಗನ ಗುರಿ. ಇಪ್ಪತ್ತು ಹೆಜ್ಜೆಯಿಂದ ತನ್ನ ಮೊಂಡು ಮೊನೆಯ ಅಂಬುಗಳನ್ನು ಅವನು ಅಂಗೈಯಗಲದೊಳಗೆ ನೆಡುತ್ತಿದ್ದ. ಈಗ ಅದೇ ಹೆಜ್ಜೆ, ಅದೇ ಬಿಲ್ಲು, ಅದೇ ಕೈ. ಅಲಗಿನ ಅಂಬು ಚೀಲದ ಎಡ ಅಂಚನ್ನು ಸೀಳಿಕೊಂಡು ಹೋಗಿ ಬೇಲಿಗೆ ಬಿತ್ತು. ಇನ್ನೊಂದು ಚೀಲವನ್ನೇ ಮುಟ್ಟಲಿಲ್ಲ.

"ತಾತ, ನಿನ್ ಅಂಬು ಸೊಟ್ಟ."

"ಅಂಬು ಸೊಟ್ಟ ಅಲ್ಲ ಕಣ್ಲಾ, ನಿನ್ ಕೈ ಸೊಟ್ಟ. ಆ ಮೊಂಡು ಮೊನೆ ಇಷ್ಟ್ ದಿನ ನಿನ್ ತಪ್ಪು ಮುಚ್ಚಿಟ್ಟಿತ್ತು. ಇದು ಮುಚ್ಚಾಕಲ್ಲ."

ತಾತ ಓದಿದವರಲ್ಲ. ಆದರೆ ಅವರು ಹೇಳಿದ್ದು ವಿಜ್ಞಾನದ ಮಾತೇ. ಅಂಬು ಹೆದೆಯನ್ನು ಬಿಡುವಾಗ ನೆಟ್ಟಗೆ ಹೋಗುವುದಿಲ್ಲ. ಬಾಗುತ್ತದೆ, ಮೀನಿನಂತೆ ಬಳುಕುತ್ತದೆ. ಮೊನೆ ಸಣ್ಣದಿದ್ದರೆ ಹಿಂದಿನ ಗರಿ ಗಾಳಿಯನ್ನು ಹಿಡಿದು ಅದನ್ನು ತಿದ್ದುತ್ತದೆ. ಮೊನೆಯ ಜಾಗದಲ್ಲಿ ಅಗಲವಾದ ಅಲಗು ಕೂತರೆ, ಮುಂದೆಯೂ ಒಂದು ಜೊತೆ ಗರಿ ಕಟ್ಟಿದಂತಾಯಿತು. ಬಿಡುವ ಬೆರಳು ಒಂದಿಷ್ಟು ಎಳೆದರೂ, ಬಿಲ್ಲು ಹಿಡಿದ ಮುಂಗೈ ಕೊಂಚ ತಿರುಚಿದರೂ ಮುಂದಿನ ಅಲಗು ಗಾಳಿಗೆ ಸಿಕ್ಕು ಅಂಬನ್ನೇ ಬೇರೆ ದಾರಿಗೆ ಎಳೆಯುತ್ತದೆ. ಅಲಗು ಕೋಲಿನ ನೇರಕ್ಕೆ ಕೂರದೆ ಕೂದಲೆಳೆಯಷ್ಟು ವಾರೆಯಾದರೂ ಇದೇ ಕತೆ.

ಬಿಲ್ಲುಬೇಟೆಗೆ ಪರವಾನಗಿ ಕೊಡುವ ಅಮೆರಿಕದಂಥ ದೇಶಗಳಲ್ಲಿ ಬೇಟೆಯ ಋತು ಶುರುವಾಗುವ ವಾರಗಳ ಮುಂಚೆಯೇ ಜನ ಅಲಗು ಹಾಕಿ ಅಭ್ಯಾಸ ಮಾಡುವುದು ಇದಕ್ಕಾಗಿಯೇ. ಅಲ್ಲಿ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ತೂಕದ ಮೊನೆ ಸಾಮಾನ್ಯ. ಅಭ್ಯಾಸದ ಮೊನೆಗೂ ಬೇಟೆಯ ಅಲಗಿಗೂ ತೂಕ ಒಂದೇ ಇರಬೇಕು. ಎರಡೂ ಒಂದೇ ಜಾಗಕ್ಕೆ ಬೀಳುವವರೆಗೆ ಬಿಲ್ಲನ್ನೂ ಕೈಯನ್ನೂ ತಿದ್ದಿಕೊಳ್ಳಬೇಕು. ಅಲಗಿಗೆ ಹುಲ್ಲಿನ ಗುರಿ ತಾಳುವುದಿಲ್ಲ, ಕತ್ತರಿಸಿ ಹೋಗುತ್ತದೆ. ಅದಕ್ಕೆಂದು ಒತ್ತಾದ ಫೋಮಿನ ದಿಮ್ಮಿಗಳಿವೆ. ಜಿಂಕೆ, ಹಂದಿಗಳ ಆಳೆತ್ತರದ ಫೋಮು ಬೊಂಬೆಗಳೂ ಇವೆ. ತಾತನ ಕಾಲದಲ್ಲಿ ಆ ಕೆಲಸ ಮಾಡುತ್ತಿದ್ದುದು ಬಾಳೆದಿಂಡು. ಮೆತ್ತಗಿರುತ್ತದೆ, ಅಲಗಿನ ಬಾಯಿ ಮುರಿಯುವುದಿಲ್ಲ, ಅಂಬು ಎಷ್ಟು ಆಳ ಇಳಿಯಿತೆಂದು ಕಣ್ಣಿಗೆ ಕಾಣುತ್ತದೆ. ಗೊನೆ ಕಡಿದ ಎರಡು ಬಾಳೆಗಿಡಗಳ ದಿಂಡನ್ನು ಅವರು ಹಿತ್ತಿಲಿಗೆ ಹೊರಿಸಿ ತಂದರು.

ಎರಡು ವಾರ ಹೀಗೇ ನಡೆಯಿತು. ಕಾಲೇಜಿನಿಂದ ಬಂದವನು ಕತ್ತಲಾಗುವ ತನಕ ಹಿತ್ತಿಲಲ್ಲಿ. ಪುಸ್ತಕ ಮುಟ್ಟುವುದಿಲ್ಲ ಎಂದು ತಾಯಿಯ ಗೊಣಗಾಟ. ಭಾನುವಾರ ಬಂದ ಅಪ್ಪನದು ಬೇರೆಯೇ ಲೆಕ್ಕ. "ಸ್ಪರ್ಧೆ ಐವತ್ತು ಮೀಟರು. ಇಪ್ಪತ್ತು ಹೆಜ್ಜೆಯಿಂದ ಹೊಡೆದರೆ ಏನು ಬಂತು?" ಎಂದು ಚೀಲವನ್ನು ಎತ್ತಿ ಹಿತ್ತಿಲ ಆಚೆ ತುದಿಗೆ ಒಯ್ದಿಟ್ಟರು. ಹುಡುಗನ ಆರೂ ಅಂಬು ಅಡ್ಡಾದಿಡ್ಡಿ ಹೋದವು. "ಏಕಾಗ್ರತೆ ಸಾಲದು" ಎಂದು ತೀರ್ಪು ಕೊಟ್ಟು ಅಪ್ಪ ಸಂಜೆಯ ಬಸ್ಸು ಹತ್ತಿದರು. ತಾತ ಮಾತಿಲ್ಲದೆ ಚೀಲವನ್ನು ಮತ್ತೆ ಇಪ್ಪತ್ತು ಹೆಜ್ಜೆಗೆ ತಂದು ನಿಲ್ಲಿಸಿದರು.

ಅಲಗು ಮಾತು ಕೇಳತೊಡಗಿದ ದಿನ ತಾತ ಇದ್ದಿಲಿನಲ್ಲಿ ಚೀಲದ ಮೇಲೆ ಹಂದಿಯ ಚಿತ್ರ ಬರೆದರು. "ಎಲ್ಲಿಗೆ ಹೊಡೀತೀಯ?"

ಹುಡುಗ ನಟ್ಟನಡುವೆ ಬೆರಳಿಟ್ಟ.

"ಅದು ಹೊಟ್ಟೆ. ಅಲ್ಲಿಗೆ ಬಿದ್ರೆ ಹಂದಿ ಸಾಯಕಲ್ಲ, ನರಳ್ತದೆ." ಮುಂಗಾಲಿನ ಹಿಂದೆ ಒಂದು ಅಂಗೈಯಗಲ ಜಾಗವನ್ನು ತೋರಿಸಿದರು. "ಇಲ್ಲಿ ಉಸಿರಿರ್ತದೆ. ಇಷ್ಟೇ ಜಾಗ." ಆಮೇಲೆ ಚೀಲವನ್ನು ಎದುರುಮುಖವಾಗಿ ತಿರುಗಿಸಿದರು. "ಈಗ?" ಹುಡುಗ ಯೋಚಿಸಿದ. ಚೀಲವನ್ನು ಹರಳುಗಿಡದ ಹಿಂದಕ್ಕೆ ಸರಿಸಿದರು. "ಈಗ?" ಒಂದು ಕಡ್ಡಿ ತಾಗಿದರೂ ಅಲಗಿನ ದಾರಿ ತಪ್ಪುತ್ತದೆ ಎಂಬುದು ಅಷ್ಟರಲ್ಲಿ ಅವನಿಗೆ ಗೊತ್ತಾಗಿತ್ತು. ಬಿಲ್ಲು ಎತ್ತಲಿಲ್ಲ. ತಾತ ಕೊನೆಗೊಮ್ಮೆ ಚೀಲವನ್ನು ಬಯಲಿಗೆ ತಂದು, ಪಕ್ಕವಾಗಿ, ಹೇಳಿದಂತೆಯೇ ನಿಲ್ಲಿಸಿದರು. ಹುಡುಗ ಹೆದೆ ಎಳೆದ.

"ನಿಲ್ಲು. ಹಿಂದೆ ಏನೈತೆ?"

ಹಿಂದೆ ಕೊಟ್ಟಿಗೆ ಇತ್ತು. ಕೊಟ್ಟಿಗೆಯ ಬಾಗಿಲಲ್ಲಿ ಕರು ಮಲಗಿತ್ತು. ಹುಡುಗ ಅದನ್ನು ನೋಡಿಯೇ ಇರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ತಾತ ತಮ್ಮ ಕತೆ ಹೇಳಿದರು. ಆಗ ಅವರಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಹಬ್ಬದ ಹಿಂದಿನ ಸಂಜೆ, ಗೆಳೆಯರೆದುರು ಹೆಚ್ಚುಗಾರಿಕೆ ತೋರಿಸುವ ಆಸೆಗೆ, ಮಬ್ಬುಗತ್ತಲಲ್ಲಿ ದೂರದ ಕಾಡುಕುರಿಯೊಂದಕ್ಕೆ ಅಂಬು ಬಿಟ್ಟರು. ಬಿತ್ತು, ಆದರೆ ಬೀಳಬೇಕಾದ ಜಾಗಕ್ಕಲ್ಲ. ಸೊಪ್ಪಿನ ಮೇಲಿನ ರಕ್ತದ ಹನಿ ಹಿಡಿದು ಪಂಜಿನ ಬೆಳಕಿನಲ್ಲಿ ಅರ್ಧ ರಾತ್ರಿ ಅಲೆದರು. ಕೂಗು ಕೇಳುತ್ತಿತ್ತು, ಪ್ರಾಣಿ ಸಿಗಲಿಲ್ಲ. ಬೆಳಗಿನ ಜಾವಕ್ಕೆ ಕೂಗೂ ನಿಂತಿತು. "ಆವತ್ತು ಕಟ್ಟಿ ಅಟ್ಟಕ್ಕಾಕಿದ್ದು ಈ ಅಲಗ. ಕಾಯ್ದೆ ಆಮೇಲೆ ಬಂತು" ಎಂದರು.

ಕಾಯ್ದೆ ಬಂದದ್ದು 1972ರಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿಗೂ ರಕ್ಷಣೆ ಇದೆ. ಬೆಳೆ ತಿಂದಿತೆಂದು ರೈತ ತಾನೇ ತೀರ್ಮಾನಿಸಿ ಕೊಲ್ಲುವಂತಿಲ್ಲ. ಕೊಂದರೆ ಜೈಲು, ದಂಡ ಎರಡೂ ಉಂಟು. ನಷ್ಟಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಇಂದು ಹಾಸನ ಜಿಲ್ಲೆಯ ಕಾಡಂಚಿನಲ್ಲಿ ಪ್ರಾಣಿಯ ಮೇಲೆ ಗುರಿಯಿಡುವವರು ಆನೆಗೆ ಅರಿವಳಿಕೆ ಮದ್ದಿನ ಡಾರ್ಟ್ ಹೊಡೆಯುವ ಇಲಾಖೆಯ ತಂಡದವರು. ಅವರದೂ ಅದೇ ಲೆಕ್ಕ: ದಪ್ಪ ಮಾಂಸದ ಜಾಗ, ದೇಹದ ತೂಕಕ್ಕೆ ತಕ್ಕ ಮದ್ದು. ಆ ಕೆಲಸದಲ್ಲಿ ಪಳಗಿದ ಕೈ ಎನಿಸಿ, 'ಆನೆ ವೆಂಕಟೇಶ್' ಎಂದೇ ಜನ ಕರೆಯುತ್ತಿದ್ದವರು 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಚಿಕಿತ್ಸೆ ಕೊಡಿಸಲು ಹೋಗಿ ಅದೇ ಆನೆಯ ದಾಳಿಗೆ ಸಿಕ್ಕು ತೀರಿಕೊಂಡರು. ತಾಯಿ ಆ ಸುದ್ದಿಯನ್ನು ಮರೆತಿರಲಿಲ್ಲ. "ಅಂಥೋರಿಗೇ ಹಂಗಾಯ್ತು" ಎಂದು ಮಗನ ಮುಖ ನೋಡಿದಳು.

ಮುಂದಿನ ಭಾನುವಾರ ಅಪ್ಪ ಎಲ್ಲರನ್ನೂ ಚನ್ನರಾಯಪಟ್ಟಣದ ಮೇಲೆ ಶ್ರವಣಬೆಳಗೊಳಕ್ಕೆ ಕರೆದೊಯ್ದರು. ಹರಕೆಯೇನೂ ಇರಲಿಲ್ಲ. ಮನೆಯಲ್ಲಿ ಕೂತರೆ ಮತ್ತೆ ಹಂದಿಯ ಮಾತೇ ಎಂದು ಹೊರಟದ್ದು. ಅಲ್ಲಿ ಚಿಕ್ಕಬೆಟ್ಟದ ಬುಡದಲ್ಲಿ ಚಾವುಂಡರಾಯನ ಬಂಡೆ ಇದೆ. ಗಂಗರ ಸೇನಾಪತಿ ಚಾವುಂಡರಾಯ, ತಾಯಿ ಕಾಳಲಾದೇವಿಗೆ ಬಾಹುಬಲಿಯ ದರ್ಶನ ಮಾಡಿಸಲು ಹೊರಟವನು, ಕನಸಿನಲ್ಲಾದ ಅಪ್ಪಣೆಯಂತೆ ಚಿಕ್ಕಬೆಟ್ಟದಿಂದ ದೊಡ್ಡಬೆಟ್ಟಕ್ಕೆ ಬಾಣ ಬಿಟ್ಟನೆಂದೂ, ಬಾಣ ತಾಗಿದೆಡೆ ಬಾಹುಬಲಿಯ ರೂಪ ಕಾಣಿಸಿಕೊಂಡಿತೆಂದೂ ಪ್ರತೀತಿ. ಆ 58 ಅಡಿಯ ಮೂರ್ತಿ ನಿಂತದ್ದು 981ರಲ್ಲಿ ಎನ್ನುತ್ತಾರೆ. ಮಲ್ಲಯುದ್ಧದಲ್ಲಿ ಅಣ್ಣ ಭರತನನ್ನು ಮೇಲೆತ್ತಿ, ನೆಲಕ್ಕೆ ಅಪ್ಪಳಿಸದೆ ಇಳಿಸಿದವನ ಮೂರ್ತಿ ಅದು.

ತಾತನಿಗೆ ಬೆಟ್ಟ ಹತ್ತಲಾಗಲಿಲ್ಲ. ಮೆಟ್ಟಿಲ ಬಳಿ ಕೂತು ಹೇಳಿದರು: "ಯುದ್ಧದಲ್ಲಿ ಎಷ್ಟ್ ಬಾಣ ಬಿಟ್ಟಿದ್ನೋ ಆ ಪುಣ್ಯಾತ್ಮ. ಜನ ನೆನಪಲ್ಲಿಟ್ಕೊಂಡಿರೋದು ಇದೊಂದೇ ನೋಡ್ಲಾ."

ಆದರೂ ಹದಿನೇಳರ ರಕ್ತ ಕೇಳಬೇಕಲ್ಲ! ಉಳಿದ ಜೋಳ ಕಾಯಲು ಹುಡುಗ ಅಟ್ಟಣೆಗೆ ಹೋದ ರಾತ್ರಿ, ಕಂಬಳಿಯೊಳಗೆ ಬಿಲ್ಲೂ ಅಲಗಿನ ಅಂಬೊಂದೂ ಜೊತೆಗೆ ಹೋದವು. ತಾತನಿಗೆ ಹೇಳಿರಲಿಲ್ಲ. ಬೆಳದಿಂಗಳಿತ್ತು. ನಡುರಾತ್ರಿ ದಾಟಿದ ಮೇಲೆ ಜೋಳದ ದಂಟು ಮುರಿಯುವ ಸದ್ದು. ಹಂದಿ ಬದುವಿನ ಮೇಲೆ ಬಂತು. ಇಪ್ಪತ್ತು ಹೆಜ್ಜೆಯೂ ಇರಲಾರದು. ಪಕ್ಕವಾಗಿ ನಿಂತಿತು, ಇದ್ದಿಲ ಚಿತ್ರದಂತೆಯೇ. ಹುಡುಗ ಹೆದೆ ಎಳೆದ. ಮುಂಗಾಲ ಹಿಂದಿನ ಅಂಗೈಯಗಲ ಜಾಗ ಅವನಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹಿಂದೆ ಏನೈತೆ?

ಹಂದಿಯ ಆಚೆ ಪಕ್ಕದ ಹೊಲ. ಅಲ್ಲಿ, ನೆಲದ ಮಟ್ಟದಲ್ಲಿ, ಸಣ್ಣ ಕೆಂಪು ಚುಕ್ಕೆಯೊಂದು ಮಿನುಗಿ ಆರಿತು. ಮತ್ತೆ ಮಿನುಗಿತು. ಬೀಡಿ. ಅವನಂತೆಯೇ ಬೆಳೆ ಕಾಯಲು ಬಂದ ಯಾರೋ ಬದುವಿಗೆ ಒರಗಿ ಕೂತಿದ್ದರು.

ಹುಡುಗನ ಕೈ ನಡುಗಿತು. ಎಳೆದ ಹೆದೆಯನ್ನು ಬಿಡದೆ, ಮೆಲ್ಲಗೆ, ಬಲು ಮೆಲ್ಲಗೆ ಇಳಿಸಿದ. ಅಂಬನ್ನು ಪಕ್ಕಕ್ಕಿಟ್ಟು ತಗಡಿನ ಡಬ್ಬ ತೆಗೆದುಕೊಂಡು ಬಡಿಯತೊಡಗಿದ. ಆಚೆಯಿಂದಲೂ ಒಂದು ಕೂಗು ಎದ್ದಿತು. ಹಂದಿ ಓಡಿತು. ಅದರ ಹಿಂದೆಯೇ ನಾಲ್ಕಾರು ಮರಿಗಳು ದಂಟಿನ ನಡುವಿನಿಂದ ಹೊರಬಿದ್ದು ಓಡಿದವು.

ಬೆಳಿಗ್ಗೆ ಅವನೇ ಎಲ್ಲವನ್ನೂ ತಾತನಿಗೆ ಹೇಳಿದ. ತಾತ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೆದೆ ಇಳಿಸ್ದಾಗ ಕೈ ನೋವಾಯ್ತಾ?" ಎಂದಷ್ಟೇ ಕೇಳಿದರು. ಹೌದೆಂದು ಹುಡುಗ ತಲೆಯಾಡಿಸಿದ.

ಆಯುಧಪೂಜೆಯ ದಿನ ಎರಡು ಅಲಗುಗಳೂ ಕುಡುಗೋಲು, ನೇಗಿಲಿನ ಜೊತೆ ಕುಂಕುಮ ಹಚ್ಚಿಸಿಕೊಂಡು ಕೂತವು. ಮರುದಿನ ಹುಡುಗನೇ ಅವನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟಕ್ಕಿಟ್ಟ. ಹಕ್ಕಿ ಹೊಡೆಯುತ್ತ ಬೆಳೆದ ರಾಜಸ್ಥಾನದ ಬುಡಕಟ್ಟಿನ ಹುಡುಗ ಲಿಂಬಾ ರಾಮ್ ಗುರಿ ಬದಲಿಸಿದ ಮೇಲೆ 1988, 1992, 1996ರ ಮೂರು ಒಲಿಂಪಿಕ್ಸ್‌ಗಳಲ್ಲಿ ದೇಶದ ಪರವಾಗಿ ಬಿಲ್ಲು ಹಿಡಿದರು, 2012ರಲ್ಲಿ ಪದ್ಮಶ್ರೀ ಪಡೆದರು ಎಂಬುದನ್ನು ಅವನು ಎಲ್ಲೋ ಓದಿದ್ದ. ಒಲಿಂಪಿಕ್ಸ್‌ನಲ್ಲಿ 70 ಮೀಟರು ದೂರದ ಗುರಿ, ಅದರ ನಡುವೆ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರು. "ಅದೂ ಅಂಗೈಯಗಲವೇ ತಾತ" ಎಂದ.

ಅಲಗಿನ ಎರಡು ವಾರ ವ್ಯರ್ಥವಾಗಲಿಲ್ಲ. ಮೊಂಡು ಮೊನೆಯ ಅಂಬುಗಳು ಈಗ ಮೊದಲಿಗಿಂತ ಒತ್ತಾಗಿ ಬೀಳುತ್ತಿದ್ದವು. ರಜೆಗೆ ಬಂದಿದ್ದ ಅಪ್ಪ ಹೊಸ ಬಣ್ಣದ ಕಾಗದ ಅಂಟಿಸಿದ ಚೀಲವನ್ನು ಹೆಗಲಿಗೆತ್ತಿಕೊಂಡು ಹಿತ್ತಿಲಿಗೆ ನಡೆದರು. ಎಂದಿನಂತೆ ತುದಿಗೆ ಹೋಗುವವರು ನಡುವೆ ನಿಂತು ತಿರುಗಿದರು.

"ಎಲ್ಲಿ ಇಡ್ಲಪ್ಪ?"

"ಇವತ್ತು ಮೂವತ್ತಕ್ಕೆ ಸಾಕಪ್ಪ."

ಅಪ್ಪ ಅಲ್ಲೇ ಇಟ್ಟರು. ಇಟ್ಟು, ಚೀಲದ ಹಿಂದಕ್ಕೆ ಹೋಗಿ ಅಲ್ಲೇನಾದರೂ ಇದೆಯೇ ಎಂದು ಒಮ್ಮೆ ನೋಡಿ ಬಂದರು.