ಅಧ್ಯಯನವೂ ಅನಧ್ಯಾಯವೂ

ಮನೆಯಲ್ಲಿ ಹತ್ತನೆಯ ತರಗತಿಯ ಮಗುವೊಂದಿದ್ದರೆ ಆ ಮನೆಯ ನಡವಳಿಕೆಯೆಲ್ಲವೂ ಒಂದು ವರ್ಷದ ಮಟ್ಟಿಗೆ ಬೇರೆಯಾಗಿಬಿಡುವುದನ್ನು ವಾಚಕರು ಕಂಡೇ ಇರುತ್ತಾರೆ. ನೆಂಟರು ಬರುತ್ತೇವೆಂದರೆ "ಪರೀಕ್ಷೆ ಮುಗಿಯಲಿ" ಎಂಬ ಉತ್ತರ ಹೋಗುತ್ತದೆ. ಮದುವೆ ಮುಂಜಿಗಳಿಗೆ ತಂದೆಯೊಬ್ಬರೇ ಹೋಗಿ ಅಕ್ಷತೆ ಹಾಕಿ ಬರುತ್ತಾರೆ. ಟಿ.ವಿ.ಗೆ ಮುಸುಕು ಬೀಳುತ್ತದೆ. ಅಜ್ಜಿ ಕೆಮ್ಮಿದರೂ ಮೆಲ್ಲಗೆ ಕೆಮ್ಮಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮಗು ಓದುತ್ತಿಲ್ಲವೆಂಬ ದೂರು ತಪ್ಪುವುದಿಲ್ಲ; ಮಗುವಿನ ಮುಖದಲ್ಲಿ ಗೆಲುವೂ ಕಾಣುವುದಿಲ್ಲ. ಓದಿಗೂ ಮನೆಯ ಬಾಳಿಗೂ ಇರತಕ್ಕ ಹೊಂದಿಕೆ ಏನೆಂಬುದನ್ನು ಕುರಿತು, ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಂಸ್ಕೃತ ಪಾಠ ಹೇಳಿ ಈಚೆಗೆ ನಿವೃತ್ತರಾದ ನಾವು ಗೃಹಸ್ಥರೊಡನೆ ಎರಡು ಮಾತನ್ನು ಆಡಬಯಸುತ್ತೇವೆ.

ಮೊದಲು ಹೊತ್ತಿನ ಲೆಕ್ಕವನ್ನು ನೋಡೋಣ. ನಾವು ಪಾಠ ಹೇಳುತ್ತಿದ್ದ ಕೊನೆಯ ವರ್ಷಗಳಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಆರು ವಿಷಯಗಳು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರರಂತೆ, ಒಟ್ಟು 625 ಅಂಕಗಳು. ಹೊರೆ ಸಣ್ಣದಲ್ಲ. ಆದರೆ ದಿನಕ್ಕೆ 24 ಗಂಟೆಗಳುಂಟಷ್ಟೆ. ಹೋಗಿ ಬರುವ ದಾರಿಯೂ ಸೇರಿ ಶಾಲೆಗೆ ಎಂಟು ಗಂಟೆ, ನಿದ್ರೆಗೆ ಎಂಟು, ಸ್ನಾನ ಊಟಗಳಿಗೆ ಎರಡು. ಉಳಿದುದು ಆರು ಗಂಟೆ. ಭಾರತ ಸರ್ಕಾರದ 2020ರ ಶಾಲಾ ಚೀಲದ ನೀತಿಯು 9ರಿಂದ 12ನೆಯ ತರಗತಿಯವರೆಗಿನ ಮಕ್ಕಳಿಗೆ ಮನೆಪಾಠವು ದಿನಕ್ಕೆ ಎರಡು ಗಂಟೆಯನ್ನು ಮೀರಕೂಡದೆಂದು ಹೇಳಿದೆ. ಅದನ್ನು ಕಳೆದರೂ ನಾಲ್ಕು ಗಂಟೆ ಮಗುವಿನ ಕೈಯಲ್ಲಿ ಉಳಿಯತಕ್ಕದ್ದು. ಅದರಲ್ಲಿ ಎರಡು ಟ್ಯೂಷನ್ನಿಗೆ ಹೋಗುತ್ತದೆ. ಟ್ಯೂಷನ್ನಿನವರು ಕೊಟ್ಟುದನ್ನು ಬರೆಯಲು ಇನ್ನೊಂದೆರಡು ಹೋಗುತ್ತದೆ. ಅದೂ ಸಾಲದೆಂದು ನಿದ್ರೆಯಿಂದ ಎರಡು ಗಂಟೆ ಕಡ ತರುತ್ತಾರೆ.

ಈ ಕಡವು ತೀರಿಸದೆ ಬಿಡುವ ಕಡವಲ್ಲ. 13ರಿಂದ 18 ವರ್ಷ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆಯ ನಿದ್ರೆ ಬೇಕೆಂದು ಅಮೆರಿಕದ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ಸಾರಿದೆ. ಆ ಪ್ರಾಯದಲ್ಲಿ ನಿದ್ರೆ ಬರುವ ಹೊತ್ತು ದೇಹಧರ್ಮದಿಂದಲೇ ತಡವಾಗುತ್ತದೆ. ಓದಿದುದು ಮನಸ್ಸಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಬೇಕು. ರಾತ್ರಿ ಎಂಟಕ್ಕೆ ಮಲಗುತ್ತಿದ್ದ ಹಿಂದಿನವರಿಗೆ ಬ್ರಾಹ್ಮೀ ಮುಹೂರ್ತ ಸಲ್ಲುತ್ತಿತ್ತು. ಹನ್ನೊಂದಕ್ಕೆ ಮಲಗಿದ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವನು ಎದ್ದು ಕುಳಿತಾನೇ ಹೊರತು ಎಚ್ಚರಗೊಳ್ಳನು.

ಮಕ್ಕಳ ಈ ಹೊರೆಯನ್ನು ಕುರಿತ ಮಾತು ಹೊಸದಲ್ಲ. ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ, 1989ರಲ್ಲಿ ಅಲ್ಲಿ ಮಾಡಿದ ಮೊದಲನೆಯ ಭಾಷಣದ ವಿಷಯವು ಶಾಲೆಯ ಮಕ್ಕಳ ಬೆನ್ನಿನ ಮೇಲಿನ ಚೀಲವಾಗಿತ್ತು. ತರುವಾಯ ನೇಮಕವಾದ ಪ್ರೊಫೆಸರ್ ಯಶಪಾಲರ ಸಮಿತಿಯು 1993ರಲ್ಲಿ ವರದಿಯನ್ನು ಒಪ್ಪಿಸಿತು. ಚೀಲದ ತೂಕಕ್ಕಿಂತಲೂ ಅರ್ಥವಾಗದ ಪಾಠದ ಭಾರವೇ ಹೆಚ್ಚು ಕೆಡುಕಿನದು ಎಂಬುದು ಆ ಸಮಿತಿಯು ಕಂಡುಕೊಂಡ ಮುಖ್ಯ ಸಂಗತಿ. ಹೊತ್ತನ್ನು ಹೆಚ್ಚಿಸಿದ ಮಾತ್ರಕ್ಕೆ ಅರ್ಥವು ಹೆಚ್ಚದು.

ಸರ್ಕಾರವೂ ಸಮಿತಿಗಳೂ ಮಾಡತಕ್ಕ ಕೆಲಸ ಹಾಗಿರಲಿ. ಹೊಸ್ತಿಲಿನ ಒಳಗಡೆ ನಾವು ಕಂಡ ಎರಡು ಸಂಗತಿಗಳನ್ನು ಹೇಳುತ್ತೇವೆ.

ನಮ್ಮ ವಿದ್ಯಾರ್ಥಿಯೊಬ್ಬನು ಬುದ್ಧಿಯಲ್ಲಿ ಚುರುಕು, ನಡತೆಯಲ್ಲಿ ವಿನೀತ. ಮನೆಯಲ್ಲಿ ಅವನು ಉಂಡ ತಟ್ಟೆಯನ್ನೂ ಎತ್ತಬೇಕಾಗಿರಲಿಲ್ಲ. ಓದುವುದೊಂದೇ ಅವನಿಗಿದ್ದ ಕೆಲಸ. ಪೂರ್ವಸಿದ್ಧತಾ ಪರೀಕ್ಷೆಗೆ ನಾಲ್ಕು ದಿನವಿರುವಾಗ ಹಳ್ಳಿಯಲ್ಲಿ ಅವನ ತಾತ ತೀರಿಕೊಂಡರು. ಓದು ಕೆಟ್ಟೀತೆಂದು ಹುಡುಗನನ್ನು ನೆರೆಮನೆಯವರಿಗೆ ಒಪ್ಪಿಸಿ ಉಳಿದವರೆಲ್ಲರೂ ಹೊರಟುಹೋದರು. ಅವನಿಗೆ ಕೆರೆಯಲ್ಲಿ ಈಜು ಕಲಿಸಿದವರು ಆ ತಾತನೇ. ಪರೀಕ್ಷೆಗಳು ಮುಗಿದ ಮೇಲೆ ಹುಡುಗನು ಒಂದು ಸಂಜೆ ನಮ್ಮಲ್ಲಿಗೆ ಬಂದು, ಬೇರೆ ಏನನ್ನೋ ಹೇಳುತ್ತಿದ್ದವನು ನಡುವೆ ನಿಲ್ಲಿಸಿ, "ಎರಡು ದಿನವೂ ಒಂದೇ ಪುಟ ತೆರೆದಿತ್ತು, ಗುರುಗಳೇ. ತಾತನ ಮುಖವನ್ನೂ ನೋಡಲಿಲ್ಲ, ಪಾಠವನ್ನೂ ನೋಡಲಿಲ್ಲ" ಎಂದನು. ಅವನಿಗೆ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೆ ಅವನು ನಮ್ಮೆದುರಿಗೆ ಹೇಳಿಕೊಂಡುದು ಅಂಕಗಳ ಮಾತನ್ನಲ್ಲ. 2024ರಲ್ಲಿ ಪರೀಕ್ಷಾ ಮಂಡಲಿಯು ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಬಾರಿ ಬರೆಯುವ ಅವಕಾಶವನ್ನು ಕಲ್ಪಿಸಿತು. ತಾತನಿಗೆ ವಿದಾಯ ಹೇಳುವ ಅವಕಾಶವಾದರೋ ಎರಡನೆಯ ಬಾರಿ ಒದಗತಕ್ಕದ್ದಲ್ಲ.

ನಮ್ಮ ಪ್ರಾಚೀನರು ಓದಿನ ವಿಷಯದಲ್ಲಿ ಸಡಿಲರಾಗಿದ್ದವರಲ್ಲ. ಆದರೂ ಅನಧ್ಯಾಯ, ಎಂದರೆ ಓದು ನಿಲ್ಲಿಸತಕ್ಕ ಕಾಲ, ಎಂಬ ವಿಷಯಕ್ಕೆ ಅವರ ಧರ್ಮಶಾಸ್ತ್ರಗಳಲ್ಲಿ ವಿಸ್ತಾರವಾದ ಸ್ಥಾನವಿದೆ. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆ, ಪಾಡ್ಯಗಳಲ್ಲಿ ಪಾಠವಿಲ್ಲ. ಗುಡುಗಿದರೆ, ಧೂಳೆದ್ದರೆ, ಮಂಜು ಕವಿದರೆ ಪಾಠವಿಲ್ಲ. ಶಿಷ್ಟರೊಬ್ಬರು ಮನೆಗೆ ಬಂದರೆ ಪಾಠವಿಲ್ಲವೆಂದು ಯಾಜ್ಞವಲ್ಕ್ಯಸ್ಮೃತಿಯು ಹೇಳುತ್ತದೆ. ಅಳುವಿನ ದನಿ ಕೇಳಿಬಂದರೆ, ಊರೊಳಗೆ ಶವವಿದ್ದರೆ ಪಾಠವಿಲ್ಲವೆಂದು ಮನುಸ್ಮೃತಿಯು ಹೇಳುತ್ತದೆ. ವಾಲ್ಮೀಕಿಗಳಂತೂ ಸುಂದರಕಾಂಡದಲ್ಲಿ ಸೀತಾದೇವಿಯು ಸೊರಗಿದ್ದುದನ್ನು ಹೇಳುವಾಗ, ಪಾಡ್ಯದ ದಿನವೂ ಬಿಡದೆ ಓದುವವನ ಕ್ಷೀಣಿಸಿದ ವಿದ್ಯೆಯನ್ನು ಉಪಮಾನವಾಗಿ ತಂದಿದ್ದಾರೆ. ಈ ನಿಯಮಗಳು ವೇದಾಧ್ಯಯನಕ್ಕೆ ಹೇಳಿದವು. ಯಾರು ಯಾರು ಓದಕೂಡದೆಂದು ಅವೇ ಧರ್ಮಶಾಸ್ತ್ರಗಳು ಹೇಳಿರುವ ಮಾತುಗಳು ನಮಗೆ ಸಮ್ಮತವೂ ಅಲ್ಲ. ಆದರೆ ಬಾಗಿಲಿಗೆ ಅತಿಥಿಯೋ ದುಃಖವೋ ಬಂದಾಗ ಪುಸ್ತಕವನ್ನು ಮುಚ್ಚತಕ್ಕದ್ದೆಂಬ ವಿವೇಕವು ಅವುಗಳಲ್ಲಿದೆ. ಊರಿನಲ್ಲಿ ಯಾರದೋ ಶವವಿದ್ದರೂ ಓದು ನಿಲ್ಲಲಿ ಎಂದವರು, ಸ್ವಂತ ತಾತನ ಶವವಿದ್ದಾಗ ಮೊಮ್ಮಗನನ್ನು ಓದಲು ಕೂಡಿಸಿದುದನ್ನು ಕಂಡಿದ್ದರೆ ಏನೆನ್ನುತ್ತಿದ್ದರೊ!

ಎರಡನೆಯ ಸಂಗತಿಯು ಇದಕ್ಕೆ ಕೇವಲ ವಿರುದ್ಧವಾದುದು. ಅದೇ ತರಗತಿಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಬೆಳಗಿನ ಮೊದಲನೆಯ ಪಾಠದಲ್ಲಿಯೇ ತೂಕಡಿಸುವಳು. ವಿಚಾರಿಸಲಾಗಿ, ಅವಳು ನಾಲ್ಕೂವರೆಗೆ ಎದ್ದು ಅಂಗಳ ಸಾರಿಸಿ, ನೀರು ಸೇದಿ, ತಾಯಿ ಕರೆದ ಹಾಲನ್ನು ನಡೆದುಕೊಂಡು ಹೋಗಿ ಡೈರಿಗೆ ಹಾಕಿ, ಹಿಂದಿರುಗಿ ತಿಂಡಿಗೆ ಕೈಗೂಡಿಸಿ, ಅನಂತರ ಎರಡು ಮೈಲಿ ನಡೆದು ಶಾಲೆಗೆ ಬರುವಳೆಂದು ತಿಳಿಯಿತು. ನಮ್ಮ ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದವರು ಸೈಕಲ್ಲುಗಳನ್ನು ಕೊಡುತ್ತಿದ್ದುದು ವಾಚಕರಿಗೆ ನೆನಪಿರಬಹುದು. ಅವಳಿಗೂ ಒಂದು ಬಂದಿತ್ತು. ಅದರ ಮೇಲೆ ಅವಳ ಅಣ್ಣನು ಬಸ್ಸಿನ ನಿಲ್ದಾಣಕ್ಕೆ ಹೋಗುತ್ತಿದ್ದನು.

ನಾವು ಒಂದು ಭಾನುವಾರ ಆ ಮನೆಗೆ ಹೋದೆವು. ಕಾಫಿಯಾದ ಮೇಲೆ ಮಾತು ತೆಗೆದಾಗ ತಂದೆಯು, "ಅವಳು ಮಾಡದೆ ಇನ್ನಾರು ಮಾಡಬೇಕು, ಮೇಷ್ಟ್ರೇ? ಮಗನಿಗೆ ಪಿ.ಯು.ಸಿ. ಪರೀಕ್ಷೆ" ಎಂದರು. "ಮಗಳಿಗೂ ಈ ವರ್ಷ ಪರೀಕ್ಷೆಯೇ ಅಲ್ಲವೆ, ಗೌಡರೇ?" ಎಂದೆವು. ಅವರು ಸುಮ್ಮನಾದರು. ಒಳಬಾಗಿಲಲ್ಲಿ ನಿಂತಿದ್ದ ತಾಯಿಯು, "ಹಾಲನ್ನು ಅವನು ಸೈಕಲ್ಲಿನಲ್ಲಿ ಹಾಕಿ ಬರಲಿ; ಆಮೇಲೆ ಸೈಕಲ್ಲು ಇವಳಿಗಿರಲಿ" ಎಂದಳು. ಅಷ್ಟು ದಿನವೂ ಆ ಮಾತು ಆಕೆಯ ಬಾಯಲ್ಲಿಯೇ ಇದ್ದಿತೆಂದು ನಮಗೆ ತೋರಿತು. ಮರುದಿನದಿಂದ ಹಾಗೆಯೇ ನಡೆಯಿತು. ಹುಡುಗಿಗೆ ಬೆಳಗ್ಗೆ ಒಂದು ಗಂಟೆಯ ನಿದ್ರೆಯೂ, ದಾರಿಯಲ್ಲಿ ಅರ್ಧ ಗಂಟೆಯ ಬಿಡುವೂ ದೊರೆತವು. ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದಳು. ದಿನಕ್ಕೊಂದು ಗಂಟೆ ಹಾಲು ಹೊತ್ತುದರಿಂದ ಅಣ್ಣನೇನೂ ನಪಾಸಾಗಲಿಲ್ಲ.

ಮಗನನ್ನು ಮನೆಯಿಂದಲೇ ಬೇರ್ಪಡಿಸಿ ಓದಿಗೆ ಕೂಡಿಸುವುದೂ, ಮಗಳನ್ನು ಮನೆಗೇ ಕಟ್ಟಿಹಾಕಿ ಉಳಿದ ಹೊತ್ತಿನಲ್ಲಿ ಓದು ಎನ್ನುವುದೂ ಒಂದೇ ತಪ್ಪಿನ ಎರಡು ಮುಖಗಳು. ಓದಿಗೂ ಮನೆಗೂ ವೈರವೆಂದು ತಿಳಿದುದರ ಫಲವಿದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ಸತ್ಯ, ತಪಸ್ಸು, ಅತಿಥಿ, ಲೋಕವ್ಯವಹಾರ, ಸಂತಾನ ಮೊದಲಾದವುಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದರ ಜೊತೆಯಲ್ಲಿಯೂ ಓದು ಮತ್ತು ಪಾಠಗಳನ್ನು ಇರಿಸುತ್ತದೆ. ಕೊನೆಯಲ್ಲಿ ಒಬ್ಬ ಋಷಿಯು ಓದು ಪಾಠಗಳೇ ಸಾಕೆಂದನೆಂಬುದನ್ನೂ ಹೇಳಿ, ಅದು ಅವನ ಮತವೆಂದು ಹೆಸರಿಟ್ಟು ತೋರಿಸುತ್ತದೆ. ಈಗಿನ ಅನೇಕ ಮನೆಗಳಲ್ಲಿ ಆ ಒಬ್ಬನ ಮತವೇ ಗೆದ್ದಂತೆ ಕಾಣುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ನಮಗೆ ತೋಚಿದುದು ಇಷ್ಟು. ಗಂಡಾಗಲಿ ಹೆಣ್ಣಾಗಲಿ, ಓದುವ ಮಗುವಿಗೆ ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಒಂದು ಕೆಲಸವಿರಲಿ. ಅದಕ್ಕಿಂತ ಹೆಚ್ಚು ಬೇಡ, ಪರೀಕ್ಷೆಯ ನೆಪದಿಂದ ಅದು ತಪ್ಪುವುದೂ ಬೇಡ. ಗಿಡಗಳಿಗೆ ನೀರೆರೆಯುವುದೊ, ಅಜ್ಜಿಗೆ ಔಷಧ ಕೊಡುವುದೊ, ಅಂಗಡಿಯಿಂದ ಸಾಮಾನು ತರುವುದೊ, ಯಾವುದಾದರೂ ಆಗಬಹುದು. ತಾನಿಲ್ಲದಿದ್ದರೆ ಮನೆಯಲ್ಲಿ ಒಂದು ಕೆಲಸ ನಿಲ್ಲುವುದೆಂದು ಬಲ್ಲ ಮಗುವಿಗೆ ಅಂಕಪಟ್ಟಿಯ ಹೊರಗೂ ಒಂದು ಬೆಲೆಯಿರುತ್ತದೆ. ಅಂಕ ಕಡಿಮೆಯಾದ ದಿನ ಅದನ್ನು ಎತ್ತಿ ಹಿಡಿಯುವುದು ಆ ಬೆಲೆಯೇ.

ವಾರದಲ್ಲಿ ಒಂದು ಸಂಜೆ ಅನಧ್ಯಾಯವಾಗಲಿ. ಆ ಸಂಜೆ ಆಟವಾಡಲಿ, ಗೆಳೆಯರ ಮನೆಗೆ ಹೋಗಲಿ, ಸುಮ್ಮನೆ ಜಗಲಿಯಲ್ಲಿ ಕುಳಿತಿರಲಿ, ಏಕೆಂದು ಕೇಳಬೇಡಿ. ರಾತ್ರಿಯ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂಡಿ. ಎಲೆಯ ಮುಂದೆ ಅಂಕಗಳ ಮಾತು ಬೇಡ.

ಮೊಬೈಲಿನ ವಿಷಯವನ್ನೂ ಹೇಳಬೇಕು. 2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ಶಾಲೆಗಳು ಮುಚ್ಚಿದ ಮೇಲೆ ಪಾಠವು ಅದರೊಳಗೆ ಬಂದು ನೆಲೆಸಿತು. ಅಂದಿನಿಂದ ಪಾಠವೂ ಆಟವೂ ಹರಟೆಯೂ ಅಂಗೈಯಗಲದ ಒಂದೇ ಗಾಜಿನಲ್ಲಿವೆ. ಮಗು ಓದುತ್ತಿದೆಯೊ ವಿಶ್ರಮಿಸುತ್ತಿದೆಯೊ ಎಂಬುದು ಮಗುವಿಗೇ ತಿಳಿಯದು. ರಾತ್ರಿ ಒಂಬತ್ತೂವರೆಗೆ ಅದು ನಡುಮನೆಯ ಗೂಡಿನಲ್ಲಿರಲಿ, ತಂದೆತಾಯಿಗಳದೂ ಅದರ ಪಕ್ಕದಲ್ಲಿಯೇ ಇರಲಿ. ಹಿರಿಯರು ಪಾಲಿಸದ ನಿಯಮವನ್ನು ಮಕ್ಕಳು ಪಾಲಿಸಿದುದನ್ನು ನಮ್ಮ ಇಷ್ಟು ವರ್ಷಗಳ ಉಪಾಧ್ಯಾಯ ವೃತ್ತಿಯಲ್ಲಿ ನಾವು ಕಂಡಿಲ್ಲ.

ಇವುಗಳಿಂದ ಮಗುವಿಗೆ ಐದು ಅಂಕ ಹೆಚ್ಚುವುದೆಂದು ನಾವು ಹೇಳುವುದಿಲ್ಲ, ಹೆಚ್ಚಿದರೆ ಸಂತೋಷ. ಆದರೆ ಪರೀಕ್ಷೆಯು ಮುಗಿದ ಮರುದಿನ ಮಗು ಮನೆಗೆ ಹಿಂದಿರುಗಿದ ಅತಿಥಿಯಂತಿರದೆ, ಅಲ್ಲಿಯೇ ಇದ್ದ ಮನೆಯ ಮಗುವಾಗಿಯೇ ಇರುವುದು. ಅಜ್ಜಿಯು ಹದಿನೈದು ದಿನದಿಂದ ಹೇಳಬೇಕೆಂದಿದ್ದ ಮಾತನ್ನು ಈ ಭಾನುವಾರದ ಸಂಜೆಯೇ ಮಗುವಿಗೆ ಹೇಳಿಬಿಡಲಿ. ಪುಸ್ತಕವು ಸೋಮವಾರದವರೆಗೆ ಕಾಯುತ್ತದೆ.