ತಮ್ಮ ಯಾವ ಊರಿಗೆ ಹೋಗಬೇಕು ಅಂತ ಹರಿಹರದಲ್ಲಿ ಕೂತು ಯೋಚಿಸಿದ್ದು

2024ರ ಶ್ರಾವಣದಲ್ಲಿ ಒಂದು ಶನಿವಾರ ರಾತ್ರಿ ತಮ್ಮ ಬೆಂಗಳೂರಿಂದ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರೂ ಕೇಳ್ರಿ ಅಂದ. ಅವ್ವ ಕೈ ಒರೆಸಿಕೊಂಡು ಅಡಿಗೆಮನೆಯಿಂದ ಬಂದಳು. ಅಪ್ಪ ಟಿವಿ ಸೌಂಡ್ ಕಡಿಮೆ ಮಾಡಿದರು. ಮೂರು ಕಂಪನಿಗಳು ಕೆಲಸಕ್ಕೆ ಕರೆದಿವೆ, ಮೂರೂ ಯುರೋಪಿನಲ್ಲಿ, ಹತ್ತು ದಿನದಲ್ಲಿ ಉತ್ತರ ಕೊಡಬೇಕು ಅಂದ. ಒಂದು ಜರ್ಮನಿಯ ಮ್ಯೂನಿಕ್, ಒಂದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್, ಇನ್ನೊಂದು ಐರ್ಲೆಂಡಿನ ಡಬ್ಲಿನ್. "ನೀವೇ ಹೇಳ್ರಿ, ಯಾವ ಊರು?"

ನಮ್ಮ ಮನೆಯಲ್ಲಿ ಆಗ ಮುಂಬೈ ನೋಡಿದವರೂ ಇರಲಿಲ್ಲ. ನಮಗೆ ದೊಡ್ಡ ಊರು ಅಂದರೆ 14 ಕಿಲೋಮೀಟರ್ ದೂರದ ದಾವಣಗೆರೆ. ಬಟ್ಟೆ ಬೇಕಾದರೂ, ಆಸ್ಪತ್ರೆಗಾದರೂ, ಬೆಣ್ಣೆ ದೋಸೆಗಾದರೂ ಅಲ್ಲಿಗೇ ಹೋಗುವುದು. ಆದರೂ ತಮ್ಮ ಕೇಳಿದ ಅಂತ ಮೂರೂ ಊರಿನ ಹೆಸರು ಕ್ಯಾಲೆಂಡರ್ ಹಿಂದೆ ಬರೆದುಕೊಂಡೆವು. ಪತ್ರಿಕೋದ್ಯಮ ಓದಿದವರು ನಾವಿದ್ದೇವಲ್ಲ, ಹುಡುಕುವ ಕೆಲಸ ನಮ್ಮ ಪಾಲಿಗೆ ಬಂತು.

ಮೊದಲು ನೋಡಿದ್ದು ಸಂಬಳ, ಎಲ್ಲರೂ ಮಾಡುವ ತಪ್ಪನ್ನೇ ನಾವೂ ಮಾಡಿದೆವು. ಡಬ್ಲಿನ್‌ನವರು ವರ್ಷಕ್ಕೆ 70 ಸಾವಿರ ಯೂರೋ ಅಂದಿದ್ದರು, ಮ್ಯೂನಿಕ್‌ನವರು 65 ಸಾವಿರ, ಐಂಡ್‌ಹೋವನ್‌ನವರು 62 ಸಾವಿರ. ಆಗ ಒಂದು ಯೂರೋಗೆ 90 ರೂಪಾಯಿ ದಾಟಿತ್ತು. 65 ಸಾವಿರ ಅಂದರೆ ಹತ್ತಿರ ಹತ್ತಿರ 60 ಲಕ್ಷ! ಅವ್ವ ಆ ಲೆಕ್ಕ ಕೇಳಿ ಸುಮ್ಮನೆ ಕೂತುಬಿಟ್ಟಳು. ಆಮೇಲೆ ತಮ್ಮನೇ ಬಿಡಿಸಿ ಹೇಳಿದ. ಜರ್ಮನಿಯಲ್ಲಿ ತೆರಿಗೆ, ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ ಎಲ್ಲ ಮೊದಲೇ ಹಿಡಿದುಕೊಳ್ಳುತ್ತಾರೆ. ಒಂಟಿ ಇದ್ದವರಿಗೆ ನೂರಕ್ಕೆ 40ರ ಹತ್ತಿರ ಹೋಗುತ್ತದೆ. ಮದುವೆಯಾಗಿ ಒಬ್ಬರೇ ದುಡಿಯುತ್ತಿದ್ದರೆ ಸ್ವಲ್ಪ ಕಡಿಮೆ. ಅವನ ಕೈಗೆ ಬರುವುದು ತಿಂಗಳಿಗೆ 3,700 ಯೂರೋ ಆಸುಪಾಸು. ಅದರಲ್ಲಿ ಎರಡು ಕೋಣೆಯ ಮನೆ ಬಾಡಿಗೆಗೆ 1,500 ಬೇಕು ಅಂತ ಅಲ್ಲಿದ್ದ ಅವನ ಗೆಳೆಯರು ಹೇಳಿದ್ದರು. ಮ್ಯೂನಿಕ್ ಬಾಡಿಗೆಯಲ್ಲಿ ಜರ್ಮನಿಗೇ ದುಬಾರಿ ಊರು. ಡಬ್ಲಿನ್ ಇನ್ನೂ ಮೇಲೆ, 2,000 ಕೊಟ್ಟರೂ ಮನೆ ಸಿಗುವ ಭರವಸೆ ಇಲ್ಲ. ಒಂದು ಮನೆ ನೋಡಲು ಹತ್ತಾರು ಜನ ಸಾಲು ನಿಲ್ಲುತ್ತಾರಂತೆ, ನಮ್ಮಲ್ಲಿ ರೇಷನ್ ಅಂಗಡಿ ಮುಂದೆ ನಿಂತ ಹಾಗೆ. ಐಂಡ್‌ಹೋವನ್‌ನಲ್ಲಿ ಹೊರದೇಶದಿಂದ ಬಂದ ಪರಿಣತರಿಗೆ ಸಂಬಳದ ನೂರಕ್ಕೆ 30 ಭಾಗಕ್ಕೆ ತೆರಿಗೆ ಇಲ್ಲ ಅನ್ನುವ ರಿಯಾಯಿತಿ ಇತ್ತು. ಆದರೆ ಆ ವರ್ಷವೇ ಅದನ್ನು ಕಡಿತ ಮಾಡಲು ಹೊರಟಿದ್ದರು. ಆಮೇಲೆ ಮತ್ತೆ ಬದಲಾಯಿಸಿ 2027ರಿಂದ ನೂರಕ್ಕೆ 27 ಅಂತ ಮಾಡಿದರು. ಸರ್ಕಾರದ ರಿಯಾಯಿತಿ ನಂಬಿ ಲೆಕ್ಕ ಹಾಕಬಾರದು ಅಂತ ಭತ್ತ ಬೆಳೆಯುವವರಿಗೆ ಬೇರೆ ಹೇಳಬೇಕಿಲ್ಲ.

ಹೀಗೆ ಮೂರೂ ಊರಿನ ಉಳಿತಾಯ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿತು. ಮೂರು ದಿನದ ಕೆಲಸ ನೀರಿನಲ್ಲಿ ಹೋಮ.

ನಾಲ್ಕನೇ ದಿನ ಅಪ್ಪ ಬಾಯಿಬಿಟ್ಟರು. ಅಲ್ಲಿವರೆಗೆ ಅವರು ಏನೂ ಅಂದಿರಲಿಲ್ಲ. "ಸಂಬಳ ಬಿಡು. ಆ ಕಂಪನಿ ಮುಚ್ಚಿದ್ರ ಆ ಊರಾಗ ಇನ್ನೊಂದು ಕೆಲಸ ಸಿಕ್ತತೇನು ಕೇಳು. ಒಂದೇ ಮಿಲ್ ಇರೋ ಊರಿಗೆ ಹೋಗಬ್ಯಾಡ ಅನ್ನು."

ಈ ಮಾತು ಯಾಕೆ ಬಂತು ಅಂತ ಗೊತ್ತಾಗಬೇಕಾದರೆ ಅಪ್ಪನ ಕಥೆ ಹೇಳಬೇಕು. ಅಪ್ಪ ದಾವಣಗೆರೆಯ ಒಂದು ಹತ್ತಿ ಮಿಲ್ಲಿನಲ್ಲಿ ನೂಲುವ ಖಾತೆಯಲ್ಲಿದ್ದರು. ದಿನಾ ಹರಿಹರದಿಂದ ಹೋಗಿಬರುತ್ತಿದ್ದರು, ಮೂರು ಪಾಳಿಯಲ್ಲಿ ಯಾವುದಿದ್ದರೆ ಅದಕ್ಕೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಮಿಲ್ ಸೈರನ್ನಿಗೆ ಊರು ಏಳುತ್ತಿತ್ತು. ಕಾರ್ಮಿಕರ ಓಟಿನಿಂದಲೇ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಒಂದಲ್ಲ ಹಲವು ಸಲ ಶಾಸಕರಾದರು. ಆಮೇಲೆ ಒಂದೊಂದೇ ಮಿಲ್ ಮುಚ್ಚುತ್ತಾ ಬಂತು. ಅಪ್ಪನ ಮಿಲ್ಲೂ ಮುಚ್ಚಿತು. ಬರಬೇಕಾದ ಹಣದಲ್ಲಿ ಸ್ವಲ್ಪ ಬಂತು, ಸ್ವಲ್ಪ ಇವತ್ತಿಗೂ ಬಂದಿಲ್ಲ. ಆಗ ಅಪ್ಪನಿಗೆ 43 ವರ್ಷ. ಬೇರೆ ಮಿಲ್ಲಿಗೆ ಹೋಗೋಣ ಅಂದರೆ ಎಲ್ಲ ಮಿಲ್ಲಿನದೂ ಅದೇ ಪಾಡು. ಇಷ್ಟು ಚೆನ್ನಾಗಿ ನೂಲಿನ ಎಳೆ ಗೊತ್ತಿದ್ದ ಮನುಷ್ಯ ಕೊನೆಗೆ ಒಂದು ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ ಆದರು.

ಇತ್ತ ಹರಿಹರದ ಕಥೆಯೂ ನಿಮಗೆ ಗೊತ್ತು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೆ ಹೋಗುತ್ತಿದ್ದವು. ನಮ್ಮ ಸೋದರಮಾವ ಅಲ್ಲಿದ್ದರು. ಯಂತ್ರ ಮಾಡುವ ಯಂತ್ರ ನಾವು ಮಾಡ್ತಿದ್ವಿ ಅಂತ ಈಗಲೂ ಹೇಳಿಕೊಳ್ಳುತ್ತಾರೆ. ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ದಾಟಿತು. ಹೊಳೆಯ ಆಚೆ ದಡದಲ್ಲಿ ಕುಮಾರಪಟ್ಟಣಂನ ಪಾಲಿಫೈಬರ್ಸ್ ನಡೆಯುತ್ತಿರುವುದರಿಂದ ಊರಲ್ಲಿ ಅಷ್ಟಾದರೂ ಜೀವ ಉಳಿದಿದೆ.

ಅಪ್ಪನ ಪ್ರಶ್ನೆ ಇಟ್ಟುಕೊಂಡು ಮತ್ತೆ ಮೊದಲಿಂದ ಹುಡುಕಿದೆವು. ಆಗ ಐಂಡ್‌ಹೋವನ್ ನಮ್ಮನ್ನು ಹಿಡಿದು ಕೂರಿಸಿತು. ಅದು ಥೇಟ್ ನಮ್ಮ ಊರುಗಳ ಹಾಗಿನ ಊರು. 1891ರಲ್ಲಿ ಅಲ್ಲಿ ಫಿಲಿಪ್ಸ್ ಅನ್ನುವ ಬಲ್ಬ್ ಕಾರ್ಖಾನೆ ಶುರುವಾಯಿತು, ನಮ್ಮ ಮನೆಯಲ್ಲಿ ಉರಿದ ರೇಡಿಯೋ, ಬಲ್ಬು ಅದೇ ಫಿಲಿಪ್ಸ್. ಊರಿಗೆ ಊರೇ ಆ ಕಂಪನಿಯದಾಗಿತ್ತು. 1990ರ ದಶಕದಲ್ಲಿ ಫಿಲಿಪ್ಸ್ ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು. 1993ರಲ್ಲಿ ಆ ಊರಿನ ಇನ್ನೊಂದು ದೊಡ್ಡ ಕಂಪನಿ, ಡಾಫ್ ಅನ್ನುವ ಲಾರಿ ಕಾರ್ಖಾನೆ, ದಿವಾಳಿ ಎದ್ದಿತು. ಕೊನೆಗೆ ಫಿಲಿಪ್ಸ್ ತನ್ನ ಮುಖ್ಯ ಕಚೇರಿಯನ್ನೇ ಆಮ್‌ಸ್ಟರ್‌ಡ್ಯಾಮ್‌ಗೆ ಎತ್ತಿಕೊಂಡು ಹೋಯಿತು.

ಇಷ್ಟು ಓದಿ ಹೇಳಿದಾಗ ಅಪ್ಪ, "ಮುಂದ?" ಅಂದರು.

ಮುಂದೆ ಆದದ್ದು ನಮ್ಮಲ್ಲಿ ಆಗದೇ ಇದ್ದದ್ದು. ಡಾಫ್ ಸತ್ತು ಮತ್ತೆ ಎದ್ದಿತು, ಇವತ್ತೂ ಅಲ್ಲಿ ಲಾರಿ ಮಾಡುತ್ತಿದೆ. ಊರಿನ ಆಡಳಿತ, ಕಂಪನಿಗಳು, ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯ ಮೂರೂ ಒಟ್ಟಿಗೆ ಕೂತು ಕೆಲಸ ಬಲ್ಲ ಜನ ಊರು ಬಿಟ್ಟು ಹೋಗದ ಹಾಗೆ ನೋಡಿಕೊಂಡರು. 1984ರಲ್ಲಿ ಫಿಲಿಪ್ಸ್ ಪಕ್ಕದ ಶೆಡ್ಡಿನಲ್ಲಿ ಶುರುವಾಗಿದ್ದ ಎಎಸ್‌ಎಂಎಲ್ ಅನ್ನುವ ಸಣ್ಣ ಕಂಪನಿ ಬೆಳೆಯುತ್ತಾ ಹೋಯಿತು. ಮೊಬೈಲಿನೊಳಗಿನ ಚಿಪ್ ಇದೆಯಲ್ಲ, ಅದನ್ನು ತಯಾರಿಸುವ ಯಂತ್ರ ಮಾಡುವವರು ಅವರು. ಅದರಲ್ಲೂ ಎಲ್ಲಕ್ಕಿಂತ ಸೂಕ್ಷ್ಮ ಚಿಪ್ಪಿಗೆ ಬೇಕಾದ ಯಂತ್ರವನ್ನು ಜಗತ್ತಿನಲ್ಲಿ ಅವರೊಬ್ಬರೇ ಮಾಡುತ್ತಾರೆ. ನೀವು ಈಗ ಇದನ್ನು ಓದುತ್ತಿರುವ ಫೋನಿನ ಹಿಂದೆಯೂ ಆ ಊರಿನ ಕೆಲಸ ಇರುವುದೇ ಹೆಚ್ಚು. ಯಂತ್ರ ಮಾಡುವ ಯಂತ್ರ! ಮಾವನಿಗೆ ಫೋನ್ ಮಾಡಿ ಹೇಳಿದೆವು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವರು ಜನರನ್ನ ಉಳಿಸ್ಕೊಂಡ್ರು" ಅಂದರು. ಅಷ್ಟೇ.

ಹಾಗಂತ ದಾವಣಗೆರೆ ಸುಮ್ಮನೆ ಕೂತಿತು ಅನ್ನುವುದೂ ತಪ್ಪು. ಮಿಲ್ ಹೋದ ಮೇಲೆ ಊರು ಕಾಲೇಜುಗಳ ಮೇಲೆ ನಿಂತಿತು. ಮೆಡಿಕಲ್, ಇಂಜಿನಿಯರಿಂಗ್, ಡೆಂಟಲ್ ಎಲ್ಲ ಇವೆ. ಅಪ್ಪ ಗೇಟು ಕಾದದ್ದೂ ಕಾಲೇಜಿನದು, ತಮ್ಮ ಇಂಜಿನಿಯರಿಂಗ್ ಓದಿದ್ದೂ ಅದೇ ಊರಿನಲ್ಲಿ. ಆದರೆ ಮೊದಲು ಇಲ್ಲಿಂದ ಬಟ್ಟೆ ಹೊರಗೆ ಹೋಗುತ್ತಿತ್ತು, ಈಗ ಓದಿದ ಹುಡುಗರು ಹೋಗುತ್ತಾರೆ. ನಮ್ಮ ತಮ್ಮನೂ ಹಾಗೇ ರೈಲು ಹತ್ತಿದವನು.

ಐಂಡ್‌ಹೋವನ್ ಮೇಲೆ ನಮಗೆಲ್ಲ ಅಷ್ಟು ಪ್ರೀತಿ ಬಂದರೂ ಅಪ್ಪನ ಮಟ್ಟಿಗೆ ಅದು ಇವತ್ತು ಮತ್ತೆ ಒಂದೇ ಮಿಲ್ಲಿನ ಊರು. ಫಿಲಿಪ್ಸ್ ಜಾಗದಲ್ಲಿ ಎಎಸ್‌ಎಂಎಲ್ ಬಂದಿದೆ, ಅಷ್ಟೇ ವ್ಯತ್ಯಾಸ ಅಂದರು. ಇದು ಪೂರ್ತಿ ನ್ಯಾಯ ಅಲ್ಲ, ಅಲ್ಲಿ ಬೇರೆ ಕಂಪನಿಗಳೂ ಬೇಕಾದಷ್ಟಿವೆ. ಆದರೆ ಒಮ್ಮೆ ಸುಟ್ಟುಕೊಂಡವರ ಹತ್ತಿರ ವಾದ ಮಾಡಲು ನಮಗೆ ಬಾಯಿ ಬರಲಿಲ್ಲ. ಮ್ಯೂನಿಕ್‌ನಲ್ಲಿ, ಅದರ ಅಂಚಿನಲ್ಲಿ ಬಿಎಂಡಬ್ಲ್ಯು, ಸೀಮೆನ್ಸ್, ಇನ್ಫಿನಿಯಾನ್, ವಿಮೆಯ ಆಲಿಯಾನ್ಜ್ ಎಲ್ಲರ ಮುಖ್ಯ ಕಚೇರಿಯೂ ಇದೆ. ಕಾರು, ವಿದ್ಯುತ್ತು, ಚಿಪ್ಪು, ವಿಮೆ, ಒಂದು ಕೈಕೊಟ್ಟರೆ ಇನ್ನೊಂದು.

ಇದಕ್ಕಿಂತ ದೊಡ್ಡ ಪ್ರಶ್ನೆ, ಕೆಲಸ ಹೋದ ದಿನ ದೇಶ ಬಿಡಬೇಕಾ ಅನ್ನುವುದು. ನಮ್ಮಲ್ಲಿಂದ ಹೋಗುವವರು ಇದನ್ನು ಕೇಳುವುದೇ ಇಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇವೆ. ಜರ್ಮನಿಗೆ ಹೋಗುವ ಇಂಜಿನಿಯರುಗಳಿಗೆ ಬ್ಲೂ ಕಾರ್ಡ್ ಅಂತ ಕೊಡುತ್ತಾರೆ. 2024ರಲ್ಲಿ ಐಟಿ ಕೆಲಸದವರಿಗೆ ವರ್ಷಕ್ಕೆ ಕನಿಷ್ಠ 41,041 ಯೂರೋ 80 ಸೆಂಟ್ ಸಂಬಳ ಇದ್ದರೆ ಸಾಕಿತ್ತು, ಈ ಮೊತ್ತ ವರ್ಷ ವರ್ಷ ಏರುತ್ತದೆ. ಯುರೋಪಿನ ನಿಯಮದ ಪ್ರಕಾರ ಆ ಕಾರ್ಡ್ ಸಿಕ್ಕಿ ಎರಡು ವರ್ಷ ಆಗಿಲ್ಲದಿದ್ದರೆ ಬೇರೆ ಕೆಲಸ ಹುಡುಕಲು ಮೂರು ತಿಂಗಳು, ಎರಡು ವರ್ಷ ದಾಟಿದ್ದರೆ ಆರು ತಿಂಗಳು ಅವಕಾಶ. ನೆದರ್‌ಲ್ಯಾಂಡ್ಸ್‌ನಲ್ಲಿ ಅವನಿಗೆ ಸಿಗುತ್ತಿದ್ದ ಪರವಾನಗಿಗೆ ಮೂರು ತಿಂಗಳು. ಐರ್ಲೆಂಡಿನಲ್ಲಿ ಕಂಪನಿಯೇ ಜನ ಕಡಿಮೆ ಮಾಡಿ ತೆಗೆದರೆ ಆರು ತಿಂಗಳು. ಜರ್ಮನಿಯಲ್ಲಿ ಇನ್ನೊಂದಿದೆ: ನಿರುದ್ಯೋಗ ವಿಮೆಗೆ ಹನ್ನೆರಡು ತಿಂಗಳು ಕಟ್ಟಿದ್ದರೆ, ಕೆಲಸ ಹೋದ ಮೇಲೆ ಆರು ತಿಂಗಳ ತನಕ ಹಳೆಯ ಕೈಸಂಬಳದ ನೂರಕ್ಕೆ 60 ಭಾಗ ಬರುತ್ತದೆ, ಮಕ್ಕಳಿದ್ದರೆ 67. ಇದನ್ನು ಅಪ್ಪ ಎರಡು ಸಲ ಓದಿಸಿ ಕೇಳಿದರು. ಮಿಲ್ ಮುಚ್ಚಿದ ವರ್ಷ ಮನೆ ಹೇಗೆ ನಡೆಯಿತು ಅನ್ನುವುದು ಅವ್ವನಿಗೆ ಗೊತ್ತು, ಅವಳ ಕೊರಳಿನ ಸರಕ್ಕೆ ಗೊತ್ತು.

ಇಷ್ಟೆಲ್ಲ ಆಗುವಾಗ ನಾವು ಒಬ್ಬರನ್ನು ಕೇಳಿಯೇ ಇರಲಿಲ್ಲ, ತಮ್ಮನ ಹೆಂಡತಿಯನ್ನು. ಬರೆಯಲು ನಾಚಿಕೆಯಾಗುತ್ತದೆ. ಅವಳು ದಾವಣಗೆರೆಯಲ್ಲಿ ಬಿಡಿಎಸ್ ಮಾಡಿ ಹಲ್ಲಿನ ಡಾಕ್ಟರ್ ಆದವಳು, ಬೆಂಗಳೂರಿನ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತಿದ್ದಳು. ತಮ್ಮನಿಗೆ ಮೂರು ಊರು ಕರೆದಿದ್ದವು, ಅವಳನ್ನು ಯಾವುದೂ ಕರೆದಿರಲಿಲ್ಲ. ಮೂರು ದೇಶದಲ್ಲೂ ಇಲ್ಲಿನ ಡಿಗ್ರಿ ಹಿಡಿದುಕೊಂಡು ಹೋದ ಮಾತ್ರಕ್ಕೆ ಹಲ್ಲು ಮುಟ್ಟಲು ಬಿಡುವುದಿಲ್ಲ. ಏಳನೇ ದಿನ ಅವಳೇ ಫೋನ್ ತೆಗೆದುಕೊಂಡು ಮಾತಾಡಿದಳು. ಐರ್ಲೆಂಡಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಅದು ಸುಲಭ, ಆದರೆ ಮನೆ ಬಾಡಿಗೆಗೆ ಇಬ್ಬರೂ ಮೊದಲ ದಿನದಿಂದಲೇ ಏನಾದರೂ ಕೆಲಸ ಹಿಡಿಯಬೇಕು, ಪರೀಕ್ಷೆಗೆ ಓದಲು ಟೈಮ್ ಇರುವುದಿಲ್ಲ ಅಂದಳು. ಜರ್ಮನಿಯಲ್ಲಿ ಭಾಷೆ ಕಲಿತು, ವೈದ್ಯಕೀಯ ಜರ್ಮನ್ ಪರೀಕ್ಷೆ ಪಾಸಾಗಿ, ಆಮೇಲೆ ಡಿಗ್ರಿ ಒಪ್ಪಿಸಿಕೊಳ್ಳಬೇಕು. ಮೂರು ವರ್ಷವಾದರೂ ಬೇಕು. "ಡಚ್ ಕಲಿತ್ರೂ ಅಷ್ಟೇ ಕಷ್ಟ. ಜರ್ಮನ್ ಕಲಿತ್ರೆ ಆಸ್ಟ್ರಿಯಾಕ್ಕೂ ಆಯ್ತು, ಸ್ವಿಟ್ಜರ್‌ಲ್ಯಾಂಡಿನ ಅರ್ಧಕ್ಕೂ ಆಯ್ತು. ನಂದೂ ಒಂದೇ ಮಿಲ್ ಆಗೋದು ಬ್ಯಾಡ ಮಾವ" ಅಂದಳು.

ಅಪ್ಪ ನಕ್ಕರು. ಅಲ್ಲಿಗೆ ಮ್ಯೂನಿಕ್ ಅಂತ ಆಯಿತು.

ಅವ್ವನದು ಮಾತ್ರ ಬೇರೆ ಲೆಕ್ಕ. ನಮಗೇನಾದರೂ ಆದರೆ ಎಷ್ಟು ಹೊತ್ತಿಗೆ ಬರ್ತೀಯ ಅಂತ ಕೇಳಿದಳು. ಜರ್ಮನಿಯಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಸುಮಾರು ಒಂಬತ್ತು ಗಂಟೆ. ಅಲ್ಲಿಂದ ಹರಿಹರಕ್ಕೆ ಕಾರಿನಲ್ಲಿ ಐದಾರು ಗಂಟೆ. ಟಿಕೆಟ್ ಸಿಕ್ಕು, ವಿಮಾನ ಹೊರಡುವ ಹೊತ್ತೂ ಸೇರಿದರೆ ಒಂದು ದಿನ, ಕೆಲವು ಸಲ ಒಂದೂವರೆ ದಿನ. ತಮ್ಮ ಇದನ್ನು ನಿಧಾನವಾಗಿ ಹೇಳಿದ. ಅವ್ವ "ಹೂಂ" ಅಂದು ಒಳಗೆ ಹೋದಳು. ಆ ಪ್ರಶ್ನೆಗೆ ಮೂರು ಊರಲ್ಲಿ ಯಾವ ಊರೂ ಒಳ್ಳೆಯ ಉತ್ತರ ಕೊಡುತ್ತಿರಲಿಲ್ಲ. ಅದರ ಉತ್ತರ ಇಲ್ಲಿ ಉಳಿದ ನಾವೇ.

ಭದ್ರಾ ಕಾಲುವೆ ಕೆಳಗಿನ ಎರಡು ಎಕರೆ ಗದ್ದೆಯ ಮಾತೂ ಬಂತು. ಹೊರದೇಶದಲ್ಲಿ ನೆಲೆಸಿದ ಭಾರತೀಯರು ಇಲ್ಲಿ ಹೊಸದಾಗಿ ಕೃಷಿ ಜಮೀನು ಕೊಳ್ಳುವಂತಿಲ್ಲ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಇದನ್ನು ಗೊತ್ತು ಮಾಡಿಕೊಳ್ಳದೆ, ದುಡಿದು ಬಂದು ತೋಟ ತಗೊಳ್ತೀನಿ ಅಂತ ಹೊರಟವರು ನಮ್ಮ ಸುತ್ತಲೇ ಇದ್ದಾರೆ.

2025ರ ಜನವರಿಯಲ್ಲಿ ಇಬ್ಬರೂ ಹೋದರು. ಮನೆ ಸಿಗಲು ಎರಡೂವರೆ ತಿಂಗಳು ಆಯಿತು, ಮೂರು ತಿಂಗಳ ಬಾಡಿಗೆಯನ್ನು ಠೇವಣಿ ಇಡಬೇಕಾಯಿತು. ಭಾನುವಾರ ಅಂಗಡಿ ತೆರೆಯುವುದಿಲ್ಲ ಅಂತ ಗೊತ್ತಿಲ್ಲದೆ ಮೊದಲ ಭಾನುವಾರ ಹೊಟ್ಟೆಗೆ ಬ್ರೆಡ್ಡೇ ಗತಿ ಆಗಿತ್ತಂತೆ. ಅಲ್ಲಿ ಸಿರಿಗನ್ನಡಕೂಟ ಅಂತ ಕನ್ನಡಿಗರ ಸಂಘ ಇದೆ, ಯುಗಾದಿಗೆ ಹೋಗಿ ಬಂದು ಹೋಳಿಗೆ ಫೋಟೋ ಕಳಿಸಿದ್ದರು. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಮೂರೂವರೆ. ಅವ್ವ ಗೋಡೆ ಗಡಿಯಾರದ ಪಕ್ಕ ಇನ್ನೊಂದು ಹಾಕಿಸಿದ್ದಾಳೆ. ಅವರು ಗಡಿಯಾರ ಹಿಂದೆ ಮುಂದೆ ಮಾಡಿದಾಗ ಅವಳೂ ಸ್ಟೂಲ್ ಹತ್ತಿ ತಿರುಗಿಸುತ್ತಾಳೆ.

ಅಪ್ಪ ಭಾನುವಾರ ಫೋನ್ ಬಂದಾಗ ಮೊದಲು ಕೇಳುವುದು "ಕಂಪನಿ ಹೆಂಗೈತಿ?" ಅಂತ. ಆಮೇಲೆ ಆರೋಗ್ಯ. ಹೋದ ವಾರ ಸೊಸೆ ಜರ್ಮನ್ ಭಾಷೆಯ ಇನ್ನೊಂದು ಪರೀಕ್ಷೆ ಪಾಸಾದಳು. ಖುಷಿಗೆ ಅಪ್ಪ, ಅವರ ಭಾಷೆಯಲ್ಲಿ ಮಿಲ್ಲಿಗೆ ಏನಂತಾರೆ ಹೇಳು ಅಂದರು.

"ಫಾಬ್ರಿಕ್ ಅಂತಾರೆ ಮಾವ. ಎಲ್ಲ ಕಾರ್ಖಾನೆಗೂ ಹಂಗೇ ಅಂತಾರೆ."

"ಫಾಬ್ರಿಕ್ ಅಂದ್ರ ಬಟ್ಟೆ ಅಲ್ಲೇನವ್ವ?" ಅಂದರು ಅಪ್ಪ. ಮಿಲ್ಲಿನಲ್ಲಿ ಸೂಪರ್‌ವೈಸರ್ ಹಾಗೇ ಅನ್ನುತ್ತಿದ್ದರಂತೆ. ಅವಳು ಆ ಕಡೆಯಿಂದ ನಗುತ್ತಿದ್ದಳು.